ಪಿತ್ತಕೋಶದ ಕೀಹೋಲ್ ಶಸ್ತ್ರಚಿಕಿತ್ಸೆ: ಒಂದು ಅರಿವಳಿಕೆ ವಿಭಾಗದ ಸೇವೆಯ ವಿಮರ್ಶೆ

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್ ವರದಿ ಬಂದ ಮನೆಯಲ್ಲಿ ಸರ್ಜನ್ ಯಾರು, ಖರ್ಚೆಷ್ಟು, ಎಷ್ಟು ದಿನಕ್ಕೆ ಮನೆಗೆ ಬಿಡುತ್ತಾರೆ ಎಂಬ ಪ್ರಶ್ನೆಗಳು ತಪ್ಪದೆ ಏಳುತ್ತವೆ. ಅರಿವಳಿಕೆ ಕೊಡುವ ಡಾಕ್ಟರು ಯಾರು ಎಂದು ಕೇಳುವವರು ಬಹಳ ಕಡಿಮೆ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಅಕ್ಕನಿಗೆ ಇತ್ತೀಚೆಗೆ ಲ್ಯಾಪ್ರೊಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಕೀಹೋಲ್ ವಿಧಾನದ ಮೂಲಕ ಪಿತ್ತಕೋಶ ತೆಗೆದರು. ಆ ಆಸ್ಪತ್ರೆಯ ಅರಿವಳಿಕೆ ಸೇವೆಯೊಂದನ್ನೇ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಸರ್ಜನ್ನರ ಕೈಗುಣದ ಬಗ್ಗೆಯೂ ಕ್ಯಾಂಟೀನಿನ ಇಡ್ಲಿಯ ಬಗ್ಗೆಯೂ ಬರೆಯುವವರು ಬೇಕಾದಷ್ಟಿದ್ದಾರೆ. ದೂರುಗಳೂ ಇರುವುದರಿಂದ, ಮತ್ತು ಅಂಥ ದೂರುಗಳು ಒಂದೇ ಆಸ್ಪತ್ರೆಗೆ ಸೇರಿದವಲ್ಲವಾದ್ದರಿಂದ, ಹೆಸರು ಬರೆಯುವುದಿಲ್ಲ. ನಾನು ವೈದ್ಯನಲ್ಲ, ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದ ಬಹುಪಾಲು ಆಪರೇಷನ್ ಥಿಯೇಟರಿನ ಹೊರಗೆ, ವಾರ್ಡಿನಲ್ಲಿ ಕಳೆದದ್ದು.

ಈ ಶಸ್ತ್ರಚಿಕಿತ್ಸೆಗೆ ಹೆಚ್ಚು ವಯಸ್ಸಾಗಿಲ್ಲ. ಜರ್ಮನಿಯ ಎರಿಕ್ ಮ್ಯೂ 1985ರಲ್ಲಿ ಮೊದಲು ಮಾಡಿದರು. 1987ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಫಿಲಿಪ್ ಮೂರೆ ಮಾಡಿದ ಮೇಲೆ ಎಲ್ಲೆಡೆ ಹರಡಿತು. ನಮ್ಮ ದೇಶಕ್ಕೆ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ತಂದರು. ಅದಕ್ಕೆ ಮುಂಚೆ ಬಲಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ಯುತ್ತಿದ್ದರು. ಆ ಗಾಯದ ನೋವಿಗೆ ರೋಗಿ ಗಟ್ಟಿಯಾಗಿ ಕೆಮ್ಮಲಾರದೆ, ಆಳವಾಗಿ ಉಸಿರೆಳೆಯಲಾರದೆ, ಎದೆಯಲ್ಲಿ ಕಫ ಕಟ್ಟಿಕೊಂಡು ನರಳುತ್ತಿದ್ದುದು ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ. ಸಣ್ಣ ರಂಧ್ರಗಳ ವಿಧಾನ ಆ ನರಳಾಟವನ್ನು ಬಹುಮಟ್ಟಿಗೆ ಇಲ್ಲವಾಗಿಸಿತು, ಆದರೆ ಕಷ್ಟದ ಒಂದು ಪಾಲನ್ನು ಶಸ್ತ್ರಚಿಕಿತ್ಸೆ ನಡೆಯುವ ಹೊತ್ತಿಗೇ ತಂದಿಟ್ಟಿತು. ಆ ಪಾಲನ್ನು ಹೊರುವವರು ಅರಿವಳಿಕೆ ತಜ್ಞರು. ರಂಧ್ರ ಸಣ್ಣದಾದ್ದರಿಂದ ಅರಿವಳಿಕೆಯೂ ಸಣ್ಣದೇ ಇರಬೇಕು ಎಂಬ ಭಾವನೆ ಜನರಲ್ಲಿದೆ. ಅದು ಸರಿಯಲ್ಲ.

ಕಾರಣ ಹೊಟ್ಟೆಯೊಳಗೆ ತುಂಬುವ ಅನಿಲ. ಸರ್ಜನ್ನರಿಗೆ ನೋಡಲು, ಉಪಕರಣ ಆಡಿಸಲು ಜಾಗ ಬೇಕಾದ್ದರಿಂದ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಈ ಅನಿಲ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಒಳಗೆ ಕಾಟರಿ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಉಪಕರಣ) ಬಳಸಬಹುದು; ರಕ್ತದಲ್ಲಿ ಬೇಗ ಕರಗುವುದರಿಂದ ಅಕಸ್ಮಾತ್ ರಕ್ತನಾಳಕ್ಕೆ ನುಗ್ಗಿದರೂ ಗಾಳಿಯಷ್ಟು ಅಪಾಯಕಾರಿಯಲ್ಲ. ಆದರೆ ಹಾಗೆ ಕರಗಿದ್ದನ್ನೆಲ್ಲ ಶ್ವಾಸಕೋಶವೇ ಹೊರಹಾಕಬೇಕು. ಅದೇ ಹೊತ್ತಿಗೆ ಉಬ್ಬಿದ ಹೊಟ್ಟೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ಮೇಲಕ್ಕೆ ತಳ್ಳಿರುತ್ತದೆ. ಹೊಟ್ಟೆ ಬಿರಿಯ ಉಂಡು ನಡುಪಟ್ಟಿ ಬಿಗಿದುಕೊಂಡವರಂತೆ ಶ್ವಾಸಕೋಶಕ್ಕೆ ಕೆಳಗೆ ಹಿಗ್ಗಲು ಜಾಗವಿರುವುದಿಲ್ಲ. ಇದರ ಮೇಲೆ, ಕರುಳು ಕೆಳಕ್ಕೆ ಜಾರಿ ಪಿತ್ತಕೋಶ ಕಾಣಲೆಂದು ಮೇಜನ್ನು ತಲೆ ಮೇಲಾಗಿ ಓರೆಮಾಡಿ ಎಡಕ್ಕೆ ವಾಲಿಸುತ್ತಾರೆ. ಆಗ ರಕ್ತ ಕಾಲಿನ ಕಡೆ ಇಳಿದು, ಹೃದಯಕ್ಕೆ ಮರಳುವ ಪ್ರಮಾಣ ಕಡಿಮೆಯಾಗಿ, ರಕ್ತದೊತ್ತಡ ಕುಸಿಯಬಹುದು. ಆರೋಗ್ಯವಂತರ ದೇಹ ಇದನ್ನೆಲ್ಲ ತಡೆದುಕೊಳ್ಳುತ್ತದೆ. ನನ್ನ ಅಕ್ಕನಿಗೆ ವಯಸ್ಸು 58, ಸಕ್ಕರೆ ಕಾಯಿಲೆ, ಬಿ.ಪಿ., ಸ್ವಲ್ಪ ಸ್ಥೂಲ ದೇಹ, ಗಿಡ್ಡ ಕುತ್ತಿಗೆ.

ನಾಲ್ಕು ಅಂಕಗಳಲ್ಲಿ ಎರಡನ್ನು ಈ ಆಸ್ಪತ್ರೆ ಗಳಿಸಿದ್ದು ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಯಲ್ಲಿ. ಜಿಲ್ಲಾ ಕೇಂದ್ರಗಳ ಅನೇಕ ನರ್ಸಿಂಗ್ ಹೋಮ್‌ಗಳಲ್ಲಿ ಅರಿವಳಿಕೆ ತಜ್ಞರು ಕರೆ ಬಂದಾಗ ಬರುವವರು. ಬೆಳಿಗ್ಗೆ ಒಂದು ಕಡೆ ಸಿಸೇರಿಯನ್, ಮಧ್ಯಾಹ್ನ ಇನ್ನೊಂದು ಕಡೆ ಹರ್ನಿಯಾ ಎಂದು ಓಡಾಡುತ್ತಿರುತ್ತಾರೆ. ರೋಗಿಯನ್ನು ಅವರು ಮೊದಲ ಸಲ ನೋಡುವುದೇ ಥಿಯೇಟರಿನ ಬಾಗಿಲಲ್ಲಿ ಎಂಬಂತಾಗುತ್ತದೆ. ಅದು ಆ ವೈದ್ಯರ ದೋಷವಲ್ಲ, ಅವರ ಸಂಖ್ಯೆಯೇ ಕಡಿಮೆ. ಈ ಆಸ್ಪತ್ರೆಯಲ್ಲಿ ಪೂರ್ಣಾವಧಿ ತಜ್ಞರಿದ್ದು, ಪಿ.ಎ.ಸಿ. (ಅರಿವಳಿಕೆಗೆ ಮುಂಚಿನ ತಪಾಸಣೆ) ಎಂದು ಬರೆದ ಪ್ರತ್ಯೇಕ ಕೊಠಡಿಯಿದೆ. ಶಸ್ತ್ರಚಿಕಿತ್ಸೆಗೆ ಒಂದು ವಾರ ಇರುವಾಗಲೇ ಅಲ್ಲಿಗೆ ಕಳಿಸಿದರು. ಒಂದು ವಾರ ಮುಂಚೆ ಎಂಬುದು ಏಕೆ ಮುಖ್ಯವೆಂದು ಅಲ್ಲಿ ಕುಳಿತ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು.

ಆ ವೈದ್ಯೆ ಮೊದಲು ನೋಡಿದ್ದು ಮಾತ್ರೆಯ ಚೀಲವನ್ನು. ಒಂದೊಂದೇ ಸ್ಟ್ರಿಪ್ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟು, ಡಾಪಾಗ್ಲಿಫ್ಲೋಜಿನ್ ಇರುವ ಸ್ಟ್ರಿಪ್ಪನ್ನು ಪಕ್ಕಕ್ಕೆ ಸರಿಸಿ, "ಅಮ್ಮಾ, ಇದನ್ನು ಆಪರೇಷನ್ನಿಗೆ ಮೂರು ದಿನ ಮುಂಚೆಯೇ ನಿಲ್ಲಿಸಬೇಕು, ನಿಮ್ಮ ಸಕ್ಕರೆ ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ" ಎಂದರು. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಈ ಗುಂಪಿನ ಮಾತ್ರೆಗಳು ಈಗ ನಮ್ಮಲ್ಲಿ ಬಹಳ ಬಳಕೆಯಲ್ಲಿವೆ. ಉಪವಾಸ, ಶಸ್ತ್ರಚಿಕಿತ್ಸೆಯ ಒತ್ತಡ ಮತ್ತು ಈ ಮಾತ್ರೆ ಒಟ್ಟಿಗೆ ಸೇರಿದರೆ ರಕ್ತದಲ್ಲಿ ಕೀಟೋನ್ ಏರಿ ಆಮ್ಲತೆ ಹೆಚ್ಚುವ ಅಪಾಯವಿದೆ. ಆಗ ಗ್ಲೂಕೋಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಏರಿರದೆ ಇರಬಹುದಾದ್ದರಿಂದ ತೊಂದರೆ ಕಣ್ಣು ತಪ್ಪಿಸಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಈ ಮೂರು ದಿನಗಳ ಸೂಚನೆಯನ್ನು ಮಾತ್ರೆಯ ವಿವರ ಪತ್ರಕ್ಕೆ ಸೇರಿಸಿದೆ. ಹಿಂದಿನ ರಾತ್ರಿ ತಪಾಸಣೆ ಮಾಡುವ ಕಡೆ ಇದನ್ನು ಪತ್ತೆಹಚ್ಚಿದರೂ ಪ್ರಯೋಜನವಿಲ್ಲ. ಸಕ್ಕರೆಯ ಮೆಟ್‌ಫಾರ್ಮಿನ್ ಅಂದು ಬೆಳಿಗ್ಗೆ ಬೇಡ, ಬಿ.ಪಿ.ಯ ಎರಡು ಮಾತ್ರೆಗಳಲ್ಲಿ ಟೆಲ್ಮಿಸಾರ್ಟನ್ ಹಿಂದಿನ ದಿನದಿಂದ ಬೇಡ, ಅಮ್ಲೋಡಿಪಿನ್ ಮಾತ್ರ ಅಂದು ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು ಎಂದು ಬಿಡಿಸಿ ಬರೆದರು. ಇದು ಅಕ್ಕನಿಗೆ ಬರೆದ ಚೀಟಿ. ಬೇರೆಯವರು ತಮ್ಮ ವೈದ್ಯರನ್ನು ಕೇಳದೆ ಅನುಸರಿಸಬಾರದು. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆಯೂ ಅವರ ನಮೂನೆಯಲ್ಲಿತ್ತು. ಆ ಇಂಜೆಕ್ಷನ್ನುಗಳು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ, ಬೇಗ ತೂಕ ಇಳಿದವರಲ್ಲಿ ಪಿತ್ತಕೋಶದ ಕಲ್ಲೂ ಹೆಚ್ಚು. ಹಾಗಾಗಿ ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು.

ಅನಂತರ ಬಾಯಿ ಅಗಲಿಸಿ, ನಾಲಿಗೆ ಚಾಚಿಸಿ, ಗಂಟಲಿನ ಒಳಭಾಗ ಎಷ್ಟು ಕಾಣುತ್ತದೆಂದು ನೋಡಿದರು. ತಲೆ ಹಿಂದಕ್ಕೆ ಬಾಗಿಸಲು ಹೇಳಿದರು. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಇವೆಯೇ ಎಂದು ಕೇಳಿದರು. ಕೊನೆಗೆ ಕೇಳಿದ ಒಂದು ಪ್ರಶ್ನೆಗೆ ಅಕ್ಕ ನಕ್ಕುಬಿಟ್ಟಳು: "ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ?" ತೀರ್ಥಹಳ್ಳಿಯ ಕಡೆಯವಳಾದ ಅವಳಿಗೆ ಉಡುಪಿಗೆ ಹೋಗುವುದೆಂದರೆ ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಕೈಯಲ್ಲಿರಲೇಬೇಕು. ಕೇಳಿದ್ದು ಕುಶಾಲಿಗಲ್ಲ. ಅರಿವಳಿಕೆಯ ನಂತರ ವಾಂತಿಯಾಗುವ ಸಂಭವವನ್ನು ಅಳೆಯಲು ಆಪ್ಫೆಲ್ ಎಂಬ ಸರಳ ಮಾನದಂಡವಿದೆ: ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಪ್ರಯಾಣದಲ್ಲಿ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ನಂತರ ವಾಂತಿಯಾಗಿರುವುದು, ನಂತರ ಅಫೀಮು ವರ್ಗದ ನೋವುನಿವಾರಕ ಪಡೆಯುವುದು. ಒಂದೂ ಇಲ್ಲದವರಲ್ಲಿ ಸಂಭವ ಸುಮಾರು ನೂರಕ್ಕೆ 10, ನಾಲ್ಕೂ ಇದ್ದವರಲ್ಲಿ ಸುಮಾರು 80. ಅಕ್ಕನಿಗೆ ಮೊದಲ ಮೂರೂ ಇದ್ದವು. ಹಿಂದೆ ಬೇರೊಂದು ಕಡೆ ಗರ್ಭಕೋಶದ ಆಪರೇಷನ್ ಆದಾಗ ಇಡೀ ರಾತ್ರಿ ವಾಂತಿ ಮಾಡಿಕೊಂಡು ಹೊಲಿಗೆ ಬಿಚ್ಚೀತೆಂದು ಹೆದರಿದ್ದಳು. ಆಗ ಯಾರೂ ಘಾಟಿಯ ವಿಷಯ ಕೇಳಿರಲಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಾರದೇ ಎಂದು ಅಕ್ಕ ಕೇಳಿದಳು. ಪೂರ್ತಿ ಮತ್ತಿನ ಭಯ ಅವಳಿಗೂ ಇತ್ತು. ವೈದ್ಯೆ ಸಮಾಧಾನದಿಂದ ಉತ್ತರಿಸಿದರು. ಶ್ವಾಸಕೋಶ ತೀರಾ ದುರ್ಬಲವಾಗಿರುವ ಕೆಲವರಿಗೆ ಹಾಗೆ ಮಾಡುವುದುಂಟು. ಆದರೆ ಪಿತ್ತಕೋಶ ಇರುವುದು ಮೇಲ್ಹೊಟ್ಟೆಯಲ್ಲಾದ್ದರಿಂದ ಮರವು ಎದೆಯ ಮಟ್ಟದವರೆಗೆ ಏರಬೇಕಾಗುತ್ತದೆ, ಹೊಟ್ಟೆ ಉಬ್ಬಿಸಿದಾಗ ಎಚ್ಚರವಾಗಿರುವ ರೋಗಿಗೆ ಉಸಿರು ಕಟ್ಟಿದಂತಾಗುತ್ತದೆ, ಭುಜ ನೋಯುತ್ತದೆ. ಶ್ವಾಸನಾಳಕ್ಕೆ ನಳಿಕೆ ಹಾಕಿ ಯಂತ್ರದಿಂದ ಉಸಿರಾಡಿಸಿದರೆ ಮಾತ್ರ ಒಳಗೆ ಹೀರಿದ ಅನಿಲವನ್ನು ಲೆಕ್ಕವಿಟ್ಟು ಹೊರಹಾಕಬಹುದು. ಜಠರದ ದ್ರವ ಶ್ವಾಸಕೋಶಕ್ಕೆ ನುಗ್ಗದಂತೆಯೂ ಕಾಯಬಹುದು. ನಡುವೆ ಎಚ್ಚರವಾಗಿಬಿಟ್ಟರೆ ಎಂಬ ಪ್ರಶ್ನೆಗೆ, ಅದು ಬಹಳ ಅಪರೂಪ ಎಂದರು. ಬ್ರಿಟನ್ನಿನಲ್ಲಿ 2014ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯಲ್ಲಿ ಇಂಥ ದೂರು ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ ಬಂದಿತ್ತು.

ಇಷ್ಟು ಚೆನ್ನಾಗಿ ನಡೆದ ತಪಾಸಣೆ ವಾರ್ಡಿನಲ್ಲಿ ನೀರಿನ ವಿಷಯಕ್ಕೆ ಎಡವಿತು. ಪಿ.ಎ.ಸಿ. ಚೀಟಿಯಲ್ಲಿ ಘನ ಆಹಾರ ಆರು ಗಂಟೆ ಮುಂಚಿನವರೆಗೆ, ಕರಿದ ಮತ್ತು ಜಿಡ್ಡಿನ ತಿಂಡಿಯಾದರೆ ಎಂಟು ಗಂಟೆ, ತಿಳಿನೀರು ಎರಡು ಗಂಟೆ ಮುಂಚಿನವರೆಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಲು ಹಾಕಿದ ಕಾಫಿ ಆಹಾರದ ಲೆಕ್ಕಕ್ಕೆ ಸೇರುತ್ತದೆ, ಬರೀ ಡಿಕಾಕ್ಷನ್ ನೀರಿನ ಲೆಕ್ಕಕ್ಕೆ ಎಂಬ ವಿವರವನ್ನೂ ಕಾಫಿ ಸೀಮೆಯ ರೋಗಿಗಳನ್ನು ಬಲ್ಲವರಂತೆ ಬಾಯಲ್ಲಿ ಹೇಳಿದ್ದರು. ವಾರ್ಡಿಗೆ ಸೇರಿದ ರಾತ್ರಿ ಡ್ಯೂಟಿಯ ಸಿಸ್ಟರ್ "ಹನ್ನೆರಡು ಗಂಟೆ ಮೇಲೆ ಒಂದು ಹನಿ ನೀರೂ ಇಲ್ಲ" ಎಂದು ಮಂಚಕ್ಕೆ ಫಲಕ ತೂಗುಹಾಕಿ ಹೋದರು. ಚೀಟಿ ತೋರಿಸಿದರೆ, "ಇಲ್ಲಿ ಎಲ್ಲರಿಗೂ ಹೀಗೇ ಸಾರ್" ಎಂಬ ಉತ್ತರ. ಬೆಳಿಗ್ಗೆ ಎಂಟಕ್ಕೆಂದು ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆ ಮುಂಚಿನ ಕೇಸು ತಡವಾಗಿ ಹನ್ನೊಂದೂವರೆಗೆ ಸರಿಯಿತು. ಅಷ್ಟು ಹೊತ್ತು ಸಕ್ಕರೆ ಕಾಯಿಲೆಯವರನ್ನು ನೀರಿಲ್ಲದೆ ಇರಿಸಿದರೆ ಬಾಯಾರಿಕೆ, ತಲೆನೋವಿನ ಜೊತೆಗೆ ದೇಹದಲ್ಲಿ ದ್ರವವೂ ಕಡಿಮೆಯಾಗಿರುತ್ತದೆ. ಆ ಸ್ಥಿತಿಯಲ್ಲೇ ಮತ್ತಿನ ಔಷಧಿ ಕೊಟ್ಟು, ಹೊಟ್ಟೆ ಉಬ್ಬಿಸಿ, ತಲೆ ಮೇಲೆ ಮಾಡಿದರೆ ಬಿ.ಪಿ. ಇನ್ನಷ್ಟು ಇಳಿಯುತ್ತದೆ. ತಜ್ಞರು ಬರೆದದ್ದನ್ನು ವಾರ್ಡು ಓದುವುದಿಲ್ಲವೆಂದಾದರೆ ಬರೆದು ಫಲವೇನು? ಒಪ್ಪಿಗೆ ಪತ್ರವೂ ಇಂಗ್ಲಿಷಿನಲ್ಲಿ ಮಾತ್ರ ಇತ್ತು; ಕೇಳಿದ ಮೇಲೆ ಒಬ್ಬ ಕಿರಿಯ ವೈದ್ಯರು ಕನ್ನಡದಲ್ಲಿ ಓದಿ ಹೇಳಿದರು, ಚೆನ್ನಾಗಿಯೇ ಹೇಳಿದರು. ಆದರೆ ಸಹಿ ಹಾಕಿದ್ದು ಅಕ್ಕನಿಗೆ ಓದಲು ಬಾರದ ಹಾಳೆಗೆ.

ಥಿಯೇಟರಿನೊಳಗೆ ನಡೆದದ್ದು ನನಗೆ ತಿಳಿದದ್ದು ಅರಿವಳಿಕೆ ದಾಖಲೆಯ ಹಾಳೆಯಿಂದ. ಬಿಡುಗಡೆಯ ಹೊತ್ತಿಗೆ ಅದರ ನಕಲು ಕೇಳಿದೆ. ಗೊಣಗದೆ ಕೊಟ್ಟರು, ಅದಕ್ಕೂ ಮೆಚ್ಚುಗೆ ಸಲ್ಲಬೇಕು. ಚೌಕಳಿ ಹಾಳೆಯಲ್ಲಿ ಐದೈದು ನಿಮಿಷಕ್ಕೆ ನಾಡಿ, ಬಿ.ಪಿ., ಆಮ್ಲಜನಕ, ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಇವುಗಳ ಚುಕ್ಕೆಗಳು. ಅನಿಲ ತುಂಬಲು ಶುರುಮಾಡಿದ ಸ್ವಲ್ಪ ಹೊತ್ತಿಗೆ 80ರ ಆಸುಪಾಸಿನಲ್ಲಿದ್ದ ನಾಡಿಯ ಚುಕ್ಕೆ ಒಮ್ಮೆಗೇ 46ಕ್ಕೆ ಬಿದ್ದಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಸರ್ಜನ್ನರಿಗೆ ತಿಳಿಸಲಾಯಿತು, ಅನಿಲ ಹೊರಬಿಡಲಾಯಿತು, ಅಟ್ರೋಪಿನ್ 0.6 ಮಿಲಿಗ್ರಾಂ. ಮುಂದಿನ ಚುಕ್ಕೆ 84. ಹೊಟ್ಟೆಯ ಒಳಪದರ ಥಟ್ಟನೆ ಹಿಗ್ಗಿದಾಗ ವೇಗಸ್ ನರ ಕೆರಳಿ ಹೃದಯದ ಬಡಿತವನ್ನು ಇಳಿಸುವುದು ಈ ಶಸ್ತ್ರಚಿಕಿತ್ಸೆಯಲ್ಲಿ ಆಗಾಗ ಕಾಣುವ ಸಂಗತಿ; ಕಡೆಗಣಿಸಿದರೆ ಹೃದಯ ನಿಂತೂಬಿಡಬಹುದು. ಎರಡನೆಯ ಸಲ ಅನಿಲವನ್ನು ನಿಧಾನವಾಗಿ ತುಂಬಿ, ಒತ್ತಡವನ್ನು 12ಕ್ಕೇ ನಿಲ್ಲಿಸಿದ್ದಾರೆ. ಸರ್ಜನ್ನರು ಕೈ ನಿಲ್ಲಿಸಿ ಅನಿಲ ಬಿಟ್ಟರಲ್ಲ, ಆ ಹೊಂದಾಣಿಕೆಯನ್ನು ನಾನು ಯಾವ ಹೊಸ ಯಂತ್ರಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ.

ಅದೇ ಹಾಳೆಯಲ್ಲಿ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡಿನ ಅಂಕಿ 34ರಿಂದ ಮೆಲ್ಲಗೆ 42ಕ್ಕೆ ಏರಿ, ಯಂತ್ರದ ಉಸಿರಾಟವನ್ನು ನಿಮಿಷಕ್ಕೆ 12ರಿಂದ 15ಕ್ಕೆ ಹೆಚ್ಚಿಸಿದ ಮೇಲೆ 37ಕ್ಕೆ ಇಳಿದು ನಿಂತದ್ದೂ ಕಾಣುತ್ತದೆ. ಸುಮಾರು 35ರಿಂದ 45ರೊಳಗೆ ಇರಬೇಕಾದ ಅಂಕಿ ಅದು. ಅದನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇಲ್ಲದ ಕಡೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅಂಕಿ ನಿಧಾನಕ್ಕೆ ಏರಿದರೆ ಅನಿಲ ರಕ್ತಕ್ಕೆ ಸೇರುತ್ತಿದೆ ಎಂದೋ ಚರ್ಮದಡಿ ಹರಡುತ್ತಿದೆ ಎಂದೋ ತಿಳಿಯಬಹುದು, ಬಿ.ಪಿ.ಯೊಂದಿಗೆ ಅಂಕಿಯೂ ಥಟ್ಟನೆ ಕುಸಿದರೆ ರಕ್ತನಾಳಕ್ಕೆ ಅನಿಲ ನುಗ್ಗಿದೆಯೇ ಎಂಬ ಅನುಮಾನ ಆ ಕ್ಷಣದಲ್ಲೇ ಬರಬೇಕು.

ವಾಂತಿಯ ವಿಷಯದಲ್ಲಿ ವೈದ್ಯೆ ಮೊದಲೇ ಹಾಕಿಕೊಂಡ ಲೆಕ್ಕ ಫಲಿಸಿತು. ಸೇದಿಸುವ ಅನಿಲದ ಬದಲು ಪ್ರೊಪೊಫಾಲ್ ಡ್ರಿಪ್ಪಿನಲ್ಲೇ ಮತ್ತನ್ನು ಮುಂದುವರಿಸಿದ್ದಾರೆ. ಆರಂಭದಲ್ಲಿ ಡೆಕ್ಸಾಮೆಥಸೋನ್, ಕೊನೆಗೆ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ. ಡೆಕ್ಸಾಮೆಥಸೋನ್ ಸ್ಟಿರಾಯ್ಡ್ ಆದ್ದರಿಂದ ಸಕ್ಕರೆ ಏರಿಸುತ್ತದೆ. ಅದಕ್ಕಾಗಿ 8 ಮಿಲಿಗ್ರಾಂ ಬದಲು 4 ಕೊಟ್ಟು, ರಾತ್ರಿ ಸಕ್ಕರೆ ಪರೀಕ್ಷಿಸಿ ಇನ್ಸುಲಿನ್ ಕೊಡಲು ಬರೆದಿದ್ದರು. ಡೆಕ್ಸಾಮೆಥಸೋನನ್ನು ರೋಗಿಗೆ ಮತ್ತು ಬಂದ ಮೇಲೆಯೇ ಕೊಟ್ಟಿದ್ದಾರೆ. ಎಚ್ಚರವಿರುವವರಿಗೆ ರಭಸದಿಂದ ಕೊಟ್ಟರೆ ಗುಹ್ಯಭಾಗದಲ್ಲಿ ಸಹಿಸಲಾಗದ ತುರಿಕೆ, ಉರಿ ಬರುತ್ತದೆಂಬುದು ಅನುಭವಸ್ಥರಿಗೆ ಮಾತ್ರ ನೆನಪಿರುವ ಸಂಗತಿ. ನೋವಿಗೆ ಅಫೀಮು ವರ್ಗದ ಔಷಧಿಯನ್ನು ಆದಷ್ಟು ಕಡಿಮೆ ಮಾಡಿ, ಪ್ಯಾರಾಸಿಟಮಾಲ್ ಡ್ರಿಪ್ಪನ್ನೂ ರಂಧ್ರಗಳ ಸುತ್ತ ಮರಗಟ್ಟಿಸುವ ಬುಪಿವಕೇನ್ ಚುಚ್ಚುಮದ್ದನ್ನೂ ನೆಚ್ಚಿಕೊಂಡಿದ್ದಾರೆ. ಅಫೀಮು ವರ್ಗದ ಮಾರ್ಫಿನ್ ಪಿತ್ತನಾಳದ ತುದಿಯ ಕವಾಟವನ್ನು ಬಿಗಿಯುತ್ತದೆಂದು ನಾನು ಪ್ರತಿವರ್ಷ ಹುಡುಗರಿಗೆ ಪಾಠ ಹೇಳುತ್ತಿದ್ದೆ. ಇವರು ಬಳಸಿದ್ದು ಅದೇ ವರ್ಗದ ಫೆಂಟನಿಲ್, ಅದೂ ಅಲ್ಪ ಪ್ರಮಾಣದಲ್ಲಿ ಮಾತ್ರ. ಅಕ್ಕನಿಗೆ ಸಂಜೆ ಸ್ವಲ್ಪ ವಾಕರಿಕೆ ಬಂತೇ ಹೊರತು ವಾಂತಿಯಾಗಲಿಲ್ಲ.

ಥಿಯೇಟರಿನೊಳಗಿನ ಕೆಲಸದಲ್ಲಿ ಒಂದೇ ಒಂದು ಆಕ್ಷೇಪವಿದೆ. ಸ್ನಾಯುಗಳನ್ನು ಸಡಿಲಿಸುವ ಔಷಧಿಯ ಪ್ರಭಾವ ಪೂರ್ತಿ ಇಳಿದಿದೆಯೇ ಎಂದು ಅಳೆಯಲು ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆಯನ್ನು ಸಾಲಾಗಿ ನಾಲ್ಕು ಸಲ ಕೊಟ್ಟು ಬೆರಳಿನ ಚಲನೆ ನೋಡುವ ಸಾಧನವಿದೆ. ನಾಲ್ಕನೆಯ ಮಿಡಿತ ಮೊದಲನೆಯದರ 0.9 ಪಾಲಾದರೂ ಆಗುವವರೆಗೆ ನಳಿಕೆ ತೆಗೆಯಬಾರದೆಂಬುದು ಇಂದಿನ ಮಾನದಂಡ. ಹಾಳೆಯಲ್ಲಿ ಆ ಅಂಕಿಯಿಲ್ಲ. ಆ ಪ್ರಭಾವ ಇಳಿಸಲು ನಿಯೋಸ್ಟಿಗ್ಮಿನ್, ಜೊತೆಗೆ ಗ್ಲೈಕೊಪೈರೊಲೇಟ್ ಕೊಟ್ಟು, ರೋಗಿ ಐದು ಸೆಕೆಂಡು ತಲೆ ಎತ್ತಿ ಹಿಡಿದದ್ದನ್ನು ನೋಡಿ ನಳಿಕೆ ತೆಗೆದಿದ್ದಾರೆ. ನಮ್ಮಲ್ಲಿ ಬಹುತೇಕ ಕಡೆ ನಡೆಯುವುದು ಹೀಗೆಯೇ, ಬಹುತೇಕರು ಸುಖವಾಗಿಯೇ ಎದ್ದು ಬರುತ್ತಾರೆ. ಆದರೂ ಸ್ಥೂಲ ದೇಹದವರಿಗೆ ಉಳಿದ ಅಲ್ಪ ಪ್ರಭಾವವೂ ಉಸಿರಾಟಕ್ಕೆ ತೊಡಕಾಗಬಲ್ಲದು. ಇಷ್ಟು ಯಂತ್ರಗಳಿರುವ ಥಿಯೇಟರಿನಲ್ಲಿ ಆ ಸಣ್ಣ ಸಾಧನ ಇರಬೇಕಿತ್ತು.

ರಾತ್ರಿ ಅಕ್ಕನಿಗೆ ಬಲಭುಜ ಹಿಂಡಿದಂತೆ ನೋಯತೊಡಗಿತು. ಗಾಯವಿರುವುದು ಹೊಟ್ಟೆಯಲ್ಲಿ, ನೋವು ಭುಜದಲ್ಲಿ. ಮನೆಯವರೆಲ್ಲ ಹೃದಯವೆಂದೇ ಹೆದರಿದೆವು. ಸಿಸ್ಟರ್ ಕೂಡಲೇ ಇ.ಸಿ.ಜಿ. ಮಾಡಿಸಿದರು. 58ರ ಮಧುಮೇಹಿಗೆ ಅದನ್ನು ಮಾಡಿಸಿದ್ದು ಸರಿಯಾದ ಕ್ರಮವೇ, ಅದರ ಬಗ್ಗೆ ದೂರಿಲ್ಲ. ದೂರು ಇರುವುದು ಯಾರೂ ಮುಂಚೆ ಹೇಳಿರಲಿಲ್ಲವೆಂಬುದರ ಬಗ್ಗೆ. ಹೊಟ್ಟೆಯಲ್ಲಿ ಉಳಿದ ಅನಿಲವೂ ಹಿಗ್ಗಿದ ವಪೆಯೂ ಫ್ರೆನಿಕ್ ನರವನ್ನು ಕೆರಳಿಸುತ್ತವೆ. ಆ ನರ ಹೊರಡುವ ಕತ್ತಿನ ಭಾಗದಿಂದಲೇ ಭುಜದ ಚರ್ಮಕ್ಕೂ ನರಗಳು ಹೋಗುವುದರಿಂದ ಮೆದುಳು ನೋವನ್ನು ಭುಜದ ಲೆಕ್ಕಕ್ಕೆ ಬರೆಯುತ್ತದೆ. ಲ್ಯಾಪ್ರೊಸ್ಕೋಪಿಯ ನಂತರ ಇದು ಬಹಳ ಜನರಿಗೆ ಬರುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಪಿ.ಎ.ಸಿ. ಚೀಟಿಯ ಕೆಳಗೆ ಇದೊಂದು ಸಾಲನ್ನು ಕನ್ನಡದಲ್ಲಿ ಅಚ್ಚುಹಾಕಿಸಲು ಆಸ್ಪತ್ರೆಗೆ ಎಷ್ಟು ಖರ್ಚಾದೀತು? ನಳಿಕೆಯಿಂದಾಗಿ ಗಂಟಲು ಒಂದೆರಡು ದಿನ ಕೆರೆಯುತ್ತದೆಂಬುದನ್ನು ಮಾತ್ರ ಹೇಳಿದ್ದರು. ಹೇಳಿದ್ದರಿಂದಲೇ ಅದು ಯಾರನ್ನೂ ಕಾಡಲಿಲ್ಲ.

ಬಿಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಯಾಕೇಜಿನಲ್ಲಿ ಅರಿವಳಿಕೆ ಶುಲ್ಕ ಒಂದೇ ಸಾಲು, ಔಷಧಿಗಳು ಥಿಯೇಟರ್ ಸಾಮಗ್ರಿಗಳ ರಾಶಿಯಲ್ಲಿ. ವಿಮೆಯವರು ತಕರಾರು ತೆಗೆಯಲಿಲ್ಲ. ಆದರೆ ಡಿಸ್ಚಾರ್ಜ್ ಸಾರಾಂಶದಲ್ಲಿ ಅರಿವಳಿಕೆಯ ಬಗ್ಗೆ "ಜಿ.ಎ." (ಜನರಲ್ ಅನೆಸ್ತೇಶಿಯ, ಪೂರ್ತಿ ಮತ್ತು) ಎಂಬ ಎರಡಕ್ಷರ ಬಿಟ್ಟರೆ ಏನೂ ಇರಲಿಲ್ಲ. ದಾಖಲೆಯ ಹಾಳೆಯಲ್ಲಿಯೋ, ಸಾಧಾರಣ ಲ್ಯಾರಿಂಗೋಸ್ಕೋಪಿನಿಂದ ಧ್ವನಿಪೆಟ್ಟಿಗೆ ಕಾಣದೆ ವಿಡಿಯೊ ಲ್ಯಾರಿಂಗೋಸ್ಕೋಪ್ ಬಳಸಿ ನಳಿಕೆ ಹಾಕಬೇಕಾಯಿತೆಂದು ಸ್ಪಷ್ಟವಾಗಿ ಬರೆದಿದೆ. ಮುಂದೆ ಎಂದಾದರೂ ಮೊಣಕಾಲಿಗೋ ಕಣ್ಣಿಗೋ ಬೇರೆ ಊರಿನಲ್ಲಿ ಆಪರೇಷನ್ ಆದರೆ ಅಲ್ಲಿನ ತಜ್ಞರಿಗೆ ಮೊದಲು ತಿಳಿಯಬೇಕಾದದ್ದು ಇದೇ. ಕೇಳಿದ್ದಕ್ಕೆ ಆ ವೈದ್ಯೆ ಪಿ.ಎ.ಸಿ. ಕೊಠಡಿಯಿಂದ ಎದ್ದು ಬಂದು, ಲೆಟರ್‌ಹೆಡ್ಡಿನಲ್ಲಿ ನಳಿಕೆಯ ತೊಡಕು, ನಾಡಿ ಇಳಿದದ್ದು, ವಾಂತಿಗೆ ಕೊಟ್ಟ ಔಷಧಿಗಳು ಎಲ್ಲವನ್ನೂ ಕೈಯಿಂದಲೇ ಬರೆದು ಸಹಿ ಹಾಕಿ ಕೊಟ್ಟರು. ಈ ಆಸ್ಪತ್ರೆಯಲ್ಲಾಗಲಿ ಬೇರೆಲ್ಲಾಗಲಿ ಪಿತ್ತಕೋಶಕ್ಕೆಂದು ಸೇರುವವರು ಅಂಥ ಒಂದು ಪತ್ರವನ್ನು ಬಿಲ್ ಕಟ್ಟುವ ಮುಂಚೆಯೇ ಕೇಳಿ ಪಡೆಯಬೇಕು. ಬಿಲ್ ಕಟ್ಟಿದ ಮೇಲೆ ಕಡತ ರೆಕಾರ್ಡ್ ರೂಮಿಗೆ ಹೋಗಿಬಿಡುತ್ತದೆ.